ಹುಡುಕಾಟದಲ್ಲಿ ಚುರುಕು, ರಾ ಫೈಲಿನ ಮುಂದೆ ಕುಸಿತ: ಒಂದು ಫೋಟೊ ನಿರ್ವಹಣಾ ತಂತ್ರಾಂಶದ ವಿಮರ್ಶೆ

ಸಾವಿರಾರು ಫೋಟೊಗಳನ್ನು ದಿನಾಂಕ, ಕೀವರ್ಡ್, ಲೆನ್ಸ್ ಮತ್ತು ಸ್ಥಳದ ಆಧಾರದ ಮೇಲೆ ವಿಂಗಡಿಸಿ, ಕೇಳಿದ ಚಿತ್ರವನ್ನು ಕ್ಷಣದಲ್ಲಿ ಮುಂದಿಡುವ ಕೆಲಸದಲ್ಲಿ ಈ ತಂತ್ರಾಂಶವನ್ನು ದೂರಲು ಕಾರಣವೇ ಇಲ್ಲ. ಜೆಪೆಗ್ ಚಿತ್ರಗಳನ್ನಷ್ಟೇ ಇಟ್ಟುಕೊಂಡವರಿಗೆ ಇದು ಸೊಗಸಾದ ಆಯ್ಕೆ. ತೊಂದರೆ ಶುರುವಾಗುವುದು ರಾ ಚಿತ್ರವೊಂದನ್ನು ಪೂರ್ಣ ಗಾತ್ರದಲ್ಲಿ ನೋಡಲು ಹೊರಟಾಗ: ಪರದೆ ಅರೆಕ್ಷಣ ಬಿಳಿಚಿಕೊಳ್ಳುತ್ತದೆ, ಬಳಿಕ ಯಾವ ಸಂದೇಶವನ್ನೂ ತೋರಿಸದೆ ಇಡೀ ತಂತ್ರಾಂಶ ಮುಚ್ಚಿಹೋಗುತ್ತದೆ. ಇಂಥದೇ ರಚನೆಯ ಬೇರೆ ತಂತ್ರಾಂಶಗಳಲ್ಲೂ ಈ ದೋಷ ತಲೆದೋರಬಹುದಾದ್ದರಿಂದ ಇಲ್ಲಿ ಹೆಸರಿಗಿಂತ ಕಾರಣಗಳೇ ಮುಖ್ಯವೆಂದು ಭಾವಿಸಿದ್ದೇನೆ.

ರಾ ಫೈಲ್ ಎಂದರೆ ಸಿದ್ಧ ಚಿತ್ರವಲ್ಲ, ಸೆನ್ಸರ್ ದಾಖಲಿಸಿದ ಬೆಳಕಿನ ಅಳತೆಗಳ ಕಟ್ಟು. ಸಾಮಾನ್ಯವಾಗಿ 12 ಅಥವಾ 14 ಬಿಟ್‌ಗಳ ಈ ಅಳತೆಗಳಲ್ಲಿ ಪ್ರತಿ ಪಿಕ್ಸೆಲ್‌ಗೂ ಕೆಂಪು, ಹಸಿರು, ನೀಲಿಗಳಲ್ಲಿ ಒಂದೇ ಬಣ್ಣದ ಮಾಹಿತಿ ಇರುತ್ತದೆ. ಉಳಿದೆರಡನ್ನು ನೆರೆಯ ಪಿಕ್ಸೆಲ್‌ಗಳಿಂದ ಲೆಕ್ಕ ಹಾಕಿ ತುಂಬಬೇಕು. ಇದರ ಜೊತೆಗೆ ಬಹುತೇಕ ಕ್ಯಾಮೆರಾಗಳು ಅದೇ ಫೈಲಿನೊಳಗೆ ಒಂದು ಜೆಪೆಗ್ ಮುನ್ನೋಟವನ್ನೂ ಅಡಗಿಸಿಡುತ್ತವೆ. ಪಟ್ಟಿಯಲ್ಲಿ ಕಾಣುವ ಚಿಕ್ಕ ಚಿತ್ರ ಹೆಚ್ಚಾಗಿ ಆ ಮುನ್ನೋಟದಿಂದಲೇ ಬಂದದ್ದು. ಆದ್ದರಿಂದ ಥಂಬ್‌ನೇಲ್ ಸರಿಯಾಗಿ ಮೂಡಿದ ಮಾತ್ರಕ್ಕೆ ಫೈಲ್ ಸರಿಯಾಗಿದೆ ಎಂದಾಗಲಿ, ತಂತ್ರಾಂಶಕ್ಕೆ ಅದನ್ನು ಓದಲು ಬರುತ್ತದೆ ಎಂದಾಗಲಿ ಹೇಳಲಾಗದು.

ಹೀಗಾಗಿ ಪರೀಕ್ಷೆಯ ಮೊದಲ ಹೆಜ್ಜೆ, ಕುಸಿತ ಒಂದೇ ಫೈಲಿಗೆ ಸೀಮಿತವೋ, ಒಂದು ಮಾದರಿಯ ಕ್ಯಾಮೆರಾಕ್ಕೆ ಸೀಮಿತವೋ, ಎಲ್ಲ ರಾ ಚಿತ್ರಗಳಿಗೂ ಅನ್ವಯವೋ ಎಂದು ಬೇರ್ಪಡಿಸಿಕೊಳ್ಳುವುದು. ಒಂದೇ ಫೈಲ್ ಆದರೆ ಅದನ್ನು ಡಾರ್ಕ್‌ಟೇಬಲ್‌ನಂಥ ಬೇರೊಂದು ತಂತ್ರಾಂಶದಲ್ಲಿ ತೆರೆದು ನೋಡಬೇಕು. ಅಲ್ಲೂ ತೆರೆಯದಿದ್ದರೆ ನಕಲಿಸುವಾಗ ಫೈಲ್ ಕೆಟ್ಟಿರುವ ಸಾಧ್ಯತೆ ಹೆಚ್ಚು, ಮೆಮೊರಿ ಕಾರ್ಡಿನಲ್ಲಿ ಮೂಲ ಇನ್ನೂ ಉಳಿದಿದ್ದರೆ ಮತ್ತೊಮ್ಮೆ ನಕಲಿಸಿಕೊಳ್ಳುವುದೇ ಪರಿಹಾರ.

ಒಂದು ಮಾದರಿಯ ಕ್ಯಾಮೆರಾದ ಚಿತ್ರಗಳೆಲ್ಲವೂ ಕುಸಿತಕ್ಕೆ ಕಾರಣವಾದರೆ ಸಂಶಯ ಡಿಕೋಡರ್ ಮೇಲೆ, ಎಂದರೆ ರಾ ಫೈಲನ್ನು ಓದಿ ಚಿತ್ರವಾಗಿ ಮಾರ್ಪಡಿಸುವ ಭಾಗದ ಮೇಲೆ ಬೀಳಬೇಕು. ರಾ ಎಂಬುದು ಒಂದೇ ಸ್ವರೂಪವಲ್ಲ. ಕ್ಯಾನನ್‌ನದು ಒಂದು, ಸೋನಿಯದು ಮತ್ತೊಂದು, ಫ್ಯೂಜಿಫಿಲ್ಮ್‌ನ ಎಕ್ಸ್-ಟ್ರಾನ್ಸ್ ಸೆನ್ಸರ್‌ನಲ್ಲಂತೂ ಬಣ್ಣಗಳ ಜೋಡಣೆಯೇ ಬೇರೆ. ಕ್ಯಾನನ್ 2018ರಲ್ಲಿ ಇಒಎಸ್ ಎಂ50 ಕ್ಯಾಮೆರಾದೊಂದಿಗೆ ಸಿಆರ್‌3 ಸ್ವರೂಪವನ್ನು ತಂದಿತು. ರಾ ಫೈಲುಗಳನ್ನು ಓದಲು ಹಲವು ತಂತ್ರಾಂಶಗಳು ನೆಚ್ಚಿಕೊಂಡಿರುವ ಸಿದ್ಧ ಕೋಡ್ ಸಂಗ್ರಹವಾದ ಲಿಬ್‌ರಾದಲ್ಲಿ ಅದಕ್ಕೆ ಬೆಂಬಲ ಸೇರಿದ್ದು 2020ರ 0.20ನೇ ಆವೃತ್ತಿಯಲ್ಲಿ. ಇನ್ನೂ ಗೊಂದಲ ಹುಟ್ಟಿಸುವಂಥದು ನಿಕಾನ್‌ನ ಉದಾಹರಣೆ: 2021ರ ಝಡ್9ರಲ್ಲಿ ಬಂದ ಹೈ ಎಫಿಶಿಯೆನ್ಸಿ ರಾ ಚಿತ್ರಗಳ ವಿಸ್ತರಣೆ ಹಳೆಯ ಎನ್‌ಇಎಫ್ ಆಗಿಯೇ ಉಳಿದಿದ್ದರೂ ಒಳಗಿನ ಸಂಕೋಚನ ವಿಧಾನ ಬೇರೆಯಾಗಿದೆ. ಫೈಲಿನ ಹೆಸರಿನ ಕೊನೆಯ ಅಕ್ಷರಗಳನ್ನು ನೋಡಿ ‘ಬೆಂಬಲವಿದೆ’ ಎಂದು ನಂಬುವವರಿಗೆ ಇಂಥಲ್ಲಿ ನಿರಾಶೆ ತಪ್ಪದು.

ಆದರೂ ಅಪರಿಚಿತ ಸ್ವರೂಪವೊಂದೇ ಕುಸಿತಕ್ಕೆ ನೆಪವಾಗಲಾರದು. ಓದಲು ಬಾರದ ಫೈಲ್ ಎದುರಾದಾಗ ಲಿಬ್‌ರಾ ದೋಷ ಸಂಕೇತವನ್ನು ಹಿಂದಿರುಗಿಸುತ್ತದೆ. ಅದನ್ನು ಪರಿಶೀಲಿಸದೆ, ತುಂಬದೇ ಉಳಿದ ಮೆಮೊರಿಯನ್ನು ಚಿತ್ರವೆಂದುಕೊಂಡು ಓದಲು ಹೋದಾಗ ತಂತ್ರಾಂಶ ಉರುಳುತ್ತದೆ. ಇದು ಶುದ್ಧಾಂಗವಾಗಿ ತಯಾರಕರ ಹೊಣೆ. ಸದ್ಯದ ಮಟ್ಟಿಗೆ ಬಳಕೆದಾರರಿಗಿರುವ ದಾರಿಗಳು ಎರಡು: ತಂತ್ರಾಂಶದ ಹೊಸ ಆವೃತ್ತಿಯನ್ನು ಹಾಕಿಕೊಳ್ಳುವುದು, ಇಲ್ಲವೇ ಅಡೋಬಿ 2004ರಲ್ಲಿ ಪರಿಚಯಿಸಿದ ಡಿಎನ್‌ಜಿ ಸ್ವರೂಪಕ್ಕೆ ಅದರ ಉಚಿತ ಪರಿವರ್ತಕದಿಂದ ಚಿತ್ರಗಳನ್ನು ಬದಲಿಸಿಕೊಳ್ಳುವುದು. ಪರಿವರ್ತಿಸಿದ ಮೇಲೂ ಮೂಲ ಫೈಲನ್ನು ಅಳಿಸಬಾರದೆಂದು ಬೇರೆ ಹೇಳಬೇಕಿಲ್ಲ.

ಎಲ್ಲ ರಾ ಚಿತ್ರಗಳಲ್ಲೂ, ಅದರಲ್ಲೂ ಕೆಲವನ್ನು ನೋಡಿ ಮುಗಿಸಿದ ಬಳಿಕವೇ ಕುಸಿತ ಸಂಭವಿಸಿದರೆ ಮೆಮೊರಿಯ ಲೆಕ್ಕ ಹಾಕಬೇಕು. 45 ಮೆಗಾಪಿಕ್ಸೆಲ್ ಚಿತ್ರವೊಂದನ್ನು ಮೆಮೊರಿಯಲ್ಲಿ ಪೂರ್ಣವಾಗಿ ತೆರೆದಾಗ, ಮೂರು ಬಣ್ಣಗಳಿಗೆ ತಲಾ 16 ಬಿಟ್‌ನಂತೆ ಸುಮಾರು 270 ಎಂಬಿ ಬೇಕಾಗುತ್ತದೆ. ಡಿಸ್ಕಿನಲ್ಲಿ ಫೈಲ್ ಎಷ್ಟೇ ಚಿಕ್ಕದಿದ್ದರೂ ಈ ಲೆಕ್ಕ ಬದಲಾಗದು. ನಾನು ಗಮನಿಸಿದಂತೆ ಈ ತಂತ್ರಾಂಶ ವೇಗ ತೋರಿಸುವ ಉತ್ಸಾಹದಲ್ಲಿ ಹಿಂದಿನ ಮತ್ತು ಮುಂದಿನ ಚಿತ್ರಗಳನ್ನೂ ಮೊದಲೇ ತೆರೆದಿಟ್ಟುಕೊಳ್ಳುತ್ತದೆ. ಮೂರು ಚಿತ್ರಗಳಿಗೇ 800 ಎಂಬಿ ದಾಟುತ್ತದೆ, ಬಣ್ಣ ಸರಿಪಡಿಸುವ ನಡುವಿನ ಪ್ರತಿಗಳು ಇನ್ನೂ ಲೆಕ್ಕಕ್ಕೆ ಬಂದಿಲ್ಲ. 32 ಬಿಟ್ ಆವೃತ್ತಿಯಾದರೆ ಕಂಪ್ಯೂಟರಿನಲ್ಲಿ ಎಷ್ಟೇ ಮೆಮೊರಿ ಇದ್ದರೂ 4 ಜಿಬಿಗಿಂತ ಹೆಚ್ಚು ಅದರ ಕೈಗೆ ಸಿಗುವುದಿಲ್ಲ. ಸೆಟ್ಟಿಂಗ್ಸ್‌ನ ಮೂಲೆಯಲ್ಲಿರುವ ಈ ಪೂರ್ವಸಿದ್ಧತೆಯನ್ನು ನಿಲ್ಲಿಸಿದಾಗ, ಚಿತ್ರದಿಂದ ಚಿತ್ರಕ್ಕೆ ಹೋಗುವುದು ತುಸು ನಿಧಾನವಾಯಿತಾದರೂ ಕುಸಿತಗಳು ಗಣನೀಯವಾಗಿ ಇಳಿದವು.

ಉಳಿದ ಕುಸಿತಗಳ ಮೂಲ, ಗ್ರಾಫಿಕ್ಸ್ ಯಂತ್ರಾಂಶವನ್ನು ನಡೆಸುವ ತಂತ್ರಾಂಶವಾದ ಗ್ರಾಫಿಕ್ಸ್ ಡ್ರೈವರ್‌ನಲ್ಲಿತ್ತು. ವಿಂಡೋಸ್‌ನ ಈವೆಂಟ್ ವ್ಯೂವರ್, ದೋಷ ಯಾವ ಮಾಡ್ಯೂಲಿನಲ್ಲಿ ಹುಟ್ಟಿತೆಂಬುದನ್ನು ಹೆಸರು ಸಮೇತ ದಾಖಲಿಸುತ್ತದೆ. ಮ್ಯಾಕ್‌ನಲ್ಲಿ ಕನ್ಸೋಲ್ ತೋರಿಸುವ ಕ್ರ್ಯಾಶ್ ವರದಿಯಿಂದ ಅದೇ ಮಾಹಿತಿ ದೊರೆಯುತ್ತದೆ. ಅಲ್ಲಿ ಡ್ರೈವರ್‌ಗೆ ಸೇರಿದ ಫೈಲಿನ ಹೆಸರು ಕಂಡರೆ ತಂತ್ರಾಂಶದ ಹಾರ್ಡ್‌ವೇರ್ ವೇಗವರ್ಧನೆಯನ್ನು (ಕೆಲಸವನ್ನು ಗ್ರಾಫಿಕ್ಸ್ ಚಿಪ್‌ಗೆ ವಹಿಸುವ ಆಯ್ಕೆ) ನಿಲ್ಲಿಸಿ, ಡ್ರೈವರನ್ನು ನವೀಕರಿಸಿ, ಮತ್ತೆ ಪರೀಕ್ಷಿಸುವುದು ಸರಿಯಾದ ಕ್ರಮ. ಥಂಬ್‌ನೇಲ್ ಕ್ಯಾಶೆಯನ್ನು, ಎಂದರೆ ಬೇಗ ತೋರಿಸಲೆಂದು ಕೂಡಿಟ್ಟ ಚಿಕ್ಕ ಚಿತ್ರಗಳನ್ನು, ಅಳಿಸುವುದರಿಂದ ಅಪಾಯವಿಲ್ಲ, ಅದು ತಾನಾಗಿ ಮತ್ತೆ ರಚನೆಯಾಗುತ್ತದೆ. ಕೀವರ್ಡ್‌ಗಳಿರುವ ಡೇಟಾಬೇಸಿನ ವಿಷಯ ಹಾಗಲ್ಲ: ಅವನ್ನು ಚಿತ್ರದ ವಿವರಗಳಿಗೆಂದೇ ಇರುವ ಎಕ್ಸ್‌ಎಂಪಿ ಫೈಲುಗಳಲ್ಲೂ ಬರೆದಿಡುವ ಆಯ್ಕೆಯನ್ನು ಮೊದಲೇ ಮಾಡಿರದಿದ್ದರೆ ಡೇಟಾಬೇಸಿನೊಂದಿಗೆ ಅವೂ ಹೋಗುತ್ತವೆ.

ಸಹಾಯ ವಿಭಾಗದ ಸಲಹೆ ಮಾತ್ರ ಬೇಸರ ತರಿಸುವಂತಿದೆ. ‘ತೆಗೆದುಹಾಕಿ, ಮತ್ತೆ ಸ್ಥಾಪಿಸಿ’ ಎಂಬುದೊಂದೇ ಅವರ ಮಂತ್ರ. ಮರುಸ್ಥಾಪನೆಯ ವೇಳೆ ಸೆಟ್ಟಿಂಗ್ಸ್ ಮತ್ತು ಕ್ಯಾಶೆಗಳ ಫೋಲ್ಡರ್ ಹಾಗೆಯೇ ಉಳಿಯುವುದರಿಂದ ಹಳೆಯ ತೊಂದರೆ ಹೊಸ ಸ್ಥಾಪನೆಯಲ್ಲೂ ಮುಂದುವರಿಯುತ್ತದೆ. ನಿಜವಾಗಿ ಆಗಬೇಕಾದದ್ದು ರಚನೆಯ ಬದಲಾವಣೆ. ಡಿಕೋಡಿಂಗ್ ಕೆಲಸವನ್ನು ಪ್ರತ್ಯೇಕ ಪ್ರಕ್ರಿಯೆಗೆ ವಹಿಸಿದರೆ ಕೆಟ್ಟ ಫೈಲ್ ಬಂದಾಗ ಆ ಪ್ರಕ್ರಿಯೆಯಷ್ಟೇ ನಿಲ್ಲುತ್ತದೆ, ಆ ಚಿತ್ರದ ಜಾಗದಲ್ಲೊಂದು ಎಚ್ಚರಿಕೆ ಮೂಡುತ್ತದೆ, ಉಳಿದ ಸಂಗ್ರಹ ತೆರೆದೇ ಇರುತ್ತದೆ. ಬ್ರೌಸರ್‌ಗಳು ಟ್ಯಾಬ್‌ಗಳ ವಿಷಯದಲ್ಲಿ ಈ ಹಾದಿಯನ್ನು ಹಿಡಿದು ವರ್ಷಗಳೇ ಆಗಿವೆ.

ರಾ ಚಿತ್ರಗಳನ್ನು ಬೇರೊಂದು ತಂತ್ರಾಂಶದಲ್ಲಿ ಸಂಸ್ಕರಿಸಿ, ಇದನ್ನು ಹುಡುಕಾಟಕ್ಕಷ್ಟೇ ಬಳಸುವವರು ವೀಕ್ಷಣೆಯ ಆಯ್ಕೆಯಲ್ಲಿ ‘ಅಡಕವಾಗಿರುವ ಮುನ್ನೋಟ’ವನ್ನು ಆರಿಸಿಕೊಂಡರೆ ಸಾಕು, ಡಿಕೋಡರಿನ ಗೊಡವೆಯೇ ಇರುವುದಿಲ್ಲ. ರಾ ಚಿತ್ರಗಳನ್ನು ಇಲ್ಲಿಯೇ ಹಿಗ್ಗಿಸಿ ನೋಡಿ, ಫೋಕಸ್ ಅಳೆದು, ಉಳಿಸಬೇಕಾದವನ್ನು ಆರಿಸಬೇಕೆನ್ನುವವರಿಗೆ ಈಗಿನ ಆವೃತ್ತಿಯನ್ನು ಶಿಫಾರಸು ಮಾಡಲಾರೆ.