ಎರಡು ಟೈರ್ ಕೊಳ್ಳಲು ಹೋಗಿ ಬೇರೆಯದೇ ಒಂದನ್ನು ಕೊಂಡು ಬಂದೆ

ಹುಬ್ಬಳ್ಳಿ ಗಬ್ಬೂರು ಬೈಪಾಸ್ ಹತ್ತಿರ ಇರುವ ಹಳೆಯದೊಂದು ಟೈರ್ ಅಂಗಡಿ ಬಗ್ಗೆ ಇದು. ನನ್ನದು 10 ಚಕ್ರದ ಲಾರಿ, ಅಂಕೋಲಾ ಕಡೆ ಲೋಡು, ಅರಬೈಲ್ ಘಟ್ಟ ತಿಂಗಳಿಗೆ ಎಷ್ಟು ಸಲ ಇಳಿಯುತ್ತೇನೋ ಲೆಕ್ಕವಿಲ್ಲ. ಮುಂದಿನ ಎರಡೂ ಟೈರ್ ಹೊರಗಿನ ಅಂಚಲ್ಲಿ ಸವೆದಿದ್ದವು. ಹಾಕಿಸಿ ಎಂಟೇ ತಿಂಗಳು. ಬೇರೆ ಕಡೆ ತೋರಿಸಿದ್ದೆ, ಕಂಪನಿ ಸರಿಯಿಲ್ಲ, ಬದಲಾಯಿಸಿ ಅಂದಿದ್ದರು. ಸರಿ, ಜೋಡಿ ಹೊಸದು ತಗೊಳ್ಳೋಣ ಅಂತಲೇ ಇಲ್ಲಿಗೆ ಬಂದೆ.

ಅಂಗಡಿಯ ಚಾಚಾ ರೇಟು ಹೇಳಲೇ ಇಲ್ಲ. ಟೈರಿನ ಮೇಲೆ ಅಂಗೈ ಅಡ್ಡ ಇಟ್ಟು ಸವರಿದರು, ನನ್ನ ಕೈಯನ್ನೂ ಹಿಡಿದು ಸವರಿಸಿದರು. ಒಂದು ದಿಕ್ಕಿಗೆ ನುಣ್ಣಗೆ, ವಾಪಸ್ ಎಳೆದರೆ ಗರಗಸದ ಹಲ್ಲಿನ ಹಾಗೆ ಚುಚ್ಚುತ್ತದೆ. "ಟೈರಿಂದೇನೂ ತಪ್ಪಿಲ್ಲೋ ತಮ್ಮಾ, ಗಾಡೀನ ಎಳಕೊಂಡು ಹೊಂಟೈತಿ" ಅಂದರು. ಜಾಕ್ ಕೊಟ್ಟು ಚಕ್ರ ಅಲ್ಲಾಡಿಸಿದರೆ ಟೈ ರಾಡ್ ಎಂಡ್, ಅಂದರೆ ಸ್ಟೇರಿಂಗಿನ ರಾಡು ಚಕ್ರಕ್ಕೆ ಸೇರುವ ಕೀಲು, ಲೂಸ್. ಗಾಳಿ ಕಡಿಮೆ ಇದ್ದಿದ್ದರೆ ಎರಡೂ ಅಂಚು ಸವೆಯುತ್ತಿತ್ತು, ಜಾಸ್ತಿ ಇದ್ದಿದ್ದರೆ ನಡು ಸವೆಯುತ್ತಿತ್ತು, ಇದು ಅಲೈನ್‌ಮೆಂಟ್ ತಪ್ಪಿ, ಅಂದರೆ ಚಕ್ರಗಳು ನೇರ ನಿಲ್ಲದೆ, ಆದ ಸವೆತ ಅಂತ ನೆಲದಲ್ಲಿ ಸೀಮೆಸುಣ್ಣದಿಂದ ಬರೆದು ತೋರಿಸಿದರು. ಗೇಜ್ ಇಟ್ಟು ನೋಡಿದರೆ ಹೊರಗಿನ ಗೆರೆಯ ಆಳ 4 ಮಿಮೀ, ನಡುವಿನದು 9. ಕಾನೂನಿನ ಲೆಕ್ಕಕ್ಕೆ ಕನಿಷ್ಠ 1.6 ಇದ್ದರೆ ಸಾಕು. ಅಂದರೆ ಇನ್ನೂ ಓಡುವ ಟೈರು! ಪಕ್ಕದ ಗ್ಯಾರೇಜಲ್ಲಿ ಟೈ ರಾಡ್ ಎಂಡ್ ಬದಲಾಯಿಸಿ, ಇಲ್ಲಿ ಅಲೈನ್‌ಮೆಂಟ್ ಮಾಡಿಸಿ, ಟೈರನ್ನು ರಿಮ್ ಮೇಲೆ ಉಲ್ಟಾ ಹಾಕಿಸಿಕೊಂಡೆ. ಸವೆದ ಬದಿ ಈಗ ಒಳಗೆ. ಸುಮ್ನೆ ಹೊಸದು ಹಾಕಿದ್ದರೆ ಒಂದಕ್ಕೆ 20 ಸಾವಿರದ ಮೇಲೆ ಕೊಟ್ಟು ಮತ್ತೆ ಎಂಟು ತಿಂಗಳಿಗೆ ಇದೇ ಕಥೆ, ಅಲ್ವಾ?

ಆದರೆ ನನಗೆ ನಿಜವಾಗಿ ಹೆದರಿಕೆ ಆಗಿದ್ದು ಹಿಂದೆ. ಜೋಡಿ ಚಕ್ರದಲ್ಲಿ ಒಳಗಿನ ಟೈರ್ ಯಾರು ನೋಡುತ್ತಾರೆ ಹೇಳಿ, ಗಾಳಿ ತುಂಬುವ ನಾಬ್‌ಗೆ ಕೈ ಸಿಗಲ್ಲ ಅಂತ ನಾವೆಲ್ಲ ಗಾಳಿ ನೋಡದೆ ಬಿಡುತ್ತೇವೆ. ಚಾಚಾ ಕೆಳಗೆ ನುಸುಳಿ ಬ್ಯಾಟರಿ ಬಿಟ್ಟು ನೋಡಿದರು. ಎಡಗಡೆ ಒಳಗಿನ ಟೈರಿನ ಪಕ್ಕದ ಗೋಡೆಯಲ್ಲಿ ನಿಂಬೆಹಣ್ಣಿನಷ್ಟು ಉಬ್ಬು. ಒಳಗೆ ತಂತಿ ಹರಿದಿದೆ, ಪ್ಯಾಚಿಗೂ ಆಗಲ್ಲ, ರೀಟ್ರೆಡ್ಡಿಗೂ (ಸವೆದ ಟೈರಿನ ಮೇಲೆ ಹೊಸ ರಬ್ಬರ್ ಪದರ ಕೂರಿಸುವುದಕ್ಕೂ) ಆಗಲ್ಲ, "ಇದನ್ನಷ್ಟ ಇವತ್ತ ತಗಿ". ಅದನ್ನು ಹಾಕಿಕೊಂಡು ನಾನು ಅದೇ ವಾರ ಎರಡು ಸಲ ಘಟ್ಟ ಇಳಿದಿದ್ದೆ. ಮನೆಗೆ ಹೋಗಿ ಹೆಂಡತಿಗೂ ಹೇಳಲಿಲ್ಲ.

ಕೊಂಡಿದ್ದು ಆ ಒಂದನ್ನೇ. ಕೊಡುವಾಗ ಟೈರಿನ ಗೋಡೆ ಮೇಲಿನ ನಾಲ್ಕು ಅಂಕಿಯನ್ನೂ ಓದಿಸಿದರು: 2324 ಅಂದರೆ 2024ರ 23ನೇ ವಾರ ತಯಾರಾಗಿದ್ದು. ಪಕ್ಕದ ಟೈರಿನ ಸುತ್ತಳತೆಗೆ ಹೊಂದುತ್ತದಾ ಅಂತ ಟೇಪ್ ಹಿಡಿದು ನೋಡಿಯೇ ಹಾಕಿದರು, ಇಲ್ಲದಿದ್ದರೆ ಜೋಡಿಯಲ್ಲಿ ದೊಡ್ಡದೇ ಹೆಚ್ಚು ಭಾರ ಹೊರುತ್ತದೆ. ಉಳಿದ ಹಿಂದಿನ ಟೈರುಗಳನ್ನು 3 ಮಿಮೀ ಇರುವಾಗಲೇ ರೀಟ್ರೆಡ್ಡಿಗೆ ಕೊಡು, ತಂತಿ ಕಾಣುವ ತನಕ ಓಡಿಸಿದರೆ ನೀರು ಇಳಿದು ತುಕ್ಕು ಹಿಡಿದು ಕೇಸಿಂಗೇ, ಅಂದರೆ ಟೈರಿನ ಒಳಗಿನ ಮೈಯೇ, ಹಾಳು ಅಂದರು.

ಬೆಳಗ್ಗೆ ಬೇಗ ಹೋಗಿ, ಹತ್ತು ಗಂಟೆ ಮೇಲೆ ಸಾಲು ಜಾಸ್ತಿ. ಬಿಲ್ ಕೊಡುತ್ತಾರೆ, ಫೋನ್‌ಪೇ ಇದೆ.

ಒಂದು ಮಾತ್ರ ನನಗೆ ಸರಿ ಕಾಣಲಿಲ್ಲ. ರಿಂಗ್ ಇರುವ ಚಕ್ರಕ್ಕೆ (ಟೈರನ್ನು ರಿಮ್ ಮೇಲೆ ಹಿಡಿದಿಡುವ ಕಬ್ಬಿಣದ ಬಳೆ ಅದು) 100 ಪಿಎಸ್‌ಐ ದಾಟಿ ಗಾಳಿ ತುಂಬುವಾಗ ಹುಡುಗ ಅದರ ಎದುರೇ ಕೂತಿರುತ್ತಾನೆ. ರಿಂಗ್ ಹಾರಿದರೆ ಜೀವವೇ ಹೋಗುತ್ತದೆ. ಚಕ್ರ ಒಳಗಿಟ್ಟು ಗಾಳಿ ತುಂಬಲು ಕಬ್ಬಿಣದ ಪಂಜರ ಒಂದು ಮಾಡಿಸಿ ಚಾಚಾ ಅಂತ ಹೇಳಿ ಬಂದಿದ್ದೇನೆ. ನೀವು ಹೋದಾಗ ನೀವೂ ಹೇಳಿ.