ವಿಜಯಪುರದ ಒಂದು ಸಂಪಾದನಾ ಸೇವೆ: ಪುಟಕ್ಕೆ 30 ರೂಪಾಯಿ

ನಮ್ಮ ತಂದೆಯವರ 140 ಪುಟಗಳ ನೆನಪಿನ ಬರಹವನ್ನು ವಿಜಯಪುರದ ಡಿ.ಟಿ.ಪಿ. ಕೇಂದ್ರವೊಂದರಲ್ಲಿ ಸಂಪಾದನೆಗೆ ಕೊಟ್ಟಿದ್ದೆ. ಕರಡು ತಿದ್ದಿದವರು ಒತ್ತಕ್ಷರದ ತಪ್ಪುಗಳನ್ನಷ್ಟೇ ಹಿಡಿಯಲಿಲ್ಲ. ಒಂದೇ ಘಟನೆ ಎರಡು ಅಧ್ಯಾಯಗಳಲ್ಲಿ ಬಂದದ್ದನ್ನು ಗುರುತಿಸಿದರು, ‘ಹಗೇವು’, ‘ಕಣಕಿ’ಯಂಥ ನಮ್ಮ ಕಡೆಯ ಮಾತುಗಳನ್ನು ಹಾಗೆಯೇ ಉಳಿಸಿದರು. ಕೆಲಸ ಅತ್ಯುತ್ತಮ.

ಆದರೆ ಅವರು ಹೇಳಿದ ದರ ನನಗೆ ನೋವು ತಂದಿತು: ಪುಟಕ್ಕೆ 30 ರೂಪಾಯಿ. ಇದೇ ಕೆಲಸಕ್ಕೆ ಬೆಂಗಳೂರಿನವರೊಬ್ಬರು 70 ಕೇಳಿದ್ದರು. ಮನೆ ಬಾಡಿಗೆ ಊರಿಂದೂರಿಗೆ ಬೇರೆಯಾಗುವುದು ನಿಜವಾದರೂ, ಒಂದೊಂದು ಸಾಲನ್ನೂ ಎರಡು ಬಾರಿ ಓದಿ ತೂಗಬೇಕಾದ ಈ ದುಡಿಮೆಗೆ ಊರು ನೋಡಿ ಬೆಲೆ ಕಟ್ಟುವುದು ಸರಿಯಲ್ಲ, ಅದೂ ಫ. ಗು. ಹಳಕಟ್ಟಿಯವರು ವಚನಗಳನ್ನು ಅಚ್ಚಿಗೆ ತರಲೆಂದು ಸ್ವಂತ ಮನೆಯನ್ನೇ ಮಾರಿ, 1925ರಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದ ಊರಿನಲ್ಲಿ.

ನಾನು ಪುಟಕ್ಕೆ 50ರಂತೆ ಲೆಕ್ಕ ಹಾಕಿ 7,000 ರೂಪಾಯಿ ಕೊಟ್ಟೆ. ತೆಗೆದುಕೊಳ್ಳಲು ಅವರು ಬಹಳ ಹಿಂಜರಿದರು.