ಗ್ರೇಟ್ ಡೇನ್ ಮರಿ ತರುವ ಮುಂಚೆ, ಅದರ ಅಪ್ಪ ಹೇಗೆ ಸತ್ತಿತು ಅಂತ ಕೇಳಿ

ತುಮಕೂರು, ಗುಬ್ಬಿ, ಸಿರಾ ಕಡೆಯವರು ಯಾರಾದರೂ ಗ್ರೇಟ್ ಡೇನ್ ನಾಯಿಮರಿಗೆ ಅಡ್ವಾನ್ಸ್ ಕೊಡೋ ಯೋಚನೆಯಲ್ಲಿದ್ದರೆ ಸ್ವಲ್ಪ ತಡೀರಿ. ನಮ್ಮ ಭಾವ ಬೆಂಗಳೂರಿನ ಒಬ್ಬ ಮಾರಾಟಗಾರನಿಂದ ತಂದ ಗುಂಡ, ಮೂರು ವರ್ಷ ತುಂಬುವ ಮೊದಲೇ ಹೊಟ್ಟೆ ಉಬ್ಬರಿಸಿ ಸತ್ತ. ನಾಯಿಯ ಮೇಲೆ ನನಗೆ ಒಂದು ದೂರೂ ಇಲ್ಲ. ಅಕ್ಕನ ಮಗಳು ಅವನ ಕಿವಿ ಹಿಡಿದುಕೊಂಡೇ ನಡೆಯೋದು ಕಲಿತಳು, ಅಷ್ಟು ಸಾಧು. ದೂರೇನಿದ್ದರೂ ಮಾರಿದವನ ಮೇಲೆ.

"ಅಪಾರ್ಟ್‌ಮೆಂಟಲ್ಲೂ ಸಾಕ್ತಾರೆ ಸಾರ್, ಸುಮ್ನೆ ಬಿದ್ಕೊಂಡಿರುತ್ತೆ" ಅಂದಿದ್ದ. ಬಿದ್ದುಕೊಂಡಿರೋದೇನೋ ನಿಜ. ಆದರೆ ಬೆಳೆದ ಗಂಡು 55ರಿಂದ 80 ಕೆ.ಜಿ. ತೂಗುತ್ತೆ, 30-40 ಸೈಟಿನ ಮನೆಯಲ್ಲಿ ಅದು ಮಲಗಿದರೆ ಹಾಲ್ ಮುಗಿಯಿತು. ನುಣ್ಣನೆ ಟೈಲ್ಸ್ ಮೇಲೆ ಏಳಲು ಹೋದಾಗಲೆಲ್ಲ ಹಿಂಗಾಲು ಎರಡೂ ಪಕ್ಕಕ್ಕೆ ಜಾರುತ್ತಿದ್ದವು. ಬಾಗಿಲ ಹತ್ತಿರ ಯಾರಾದರೂ ಬಂದರೆ ಖುಷಿಗೆ ಬಾಲ ಬೀಸಿ ಬೀಸಿ ಗೋಡೆಗೆ ಬಡಿದು ತುದಿ ಒಡೆಯುತ್ತಿತ್ತು. ಸುಣ್ಣದ ಗೋಡೆ ತುಂಬ ಸೊಂಟದೆತ್ತರಕ್ಕೆ ರಕ್ತದ ಚುಕ್ಕೆ. ಬ್ಯಾಂಡೇಜ್ ಕಟ್ಟಿದರೆ ಮಾರನೇ ದಿನಕ್ಕೆ ಅದೂ ಕಿತ್ತುಹೋಗಿರುತ್ತಿತ್ತು.

ಇದೆಲ್ಲ ಸಹಿಸಬಹುದು ಬಿಡಿ. ಅವನು ಮರಿಯ ಜೊತೆ ಮಾರಿದ ಸಾಮಾನು ನೋಡಿ. ಮೂಳೆ ಗಟ್ಟಿಯಾಗಲಿ ಅಂತ ಕ್ಯಾಲ್ಸಿಯಂ ಪುಡಿ ಡಬ್ಬಿ. ದೈತ್ಯ ತಳಿಯ ಮರಿಗಳ ಮೈಗೆ ಹೆಚ್ಚಾದ ಕ್ಯಾಲ್ಸಿಯಂ ಬೇಡ ಅನ್ನಲು ಬರೋದಿಲ್ಲ, ಹೀರಿಕೊಂಡುಬಿಡುತ್ತೆ, ಮೂಳೆ ಸೊಟ್ಟ ಬೆಳೆಯೋದು ಅದರಿಂದಲೇ. ಆಮೇಲೆ ಬಟ್ಟಲು ಇಡೋಕೆ ಎತ್ತರದ ಸ್ಟ್ಯಾಂಡ್, "ಉಬ್ಬರ ಬರಲ್ಲ" ಅನ್ನೋ ಮಾತಿನ ಸಮೇತ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎತ್ತರದ ಬಟ್ಟಲಿನಿಂದ ಅಪಾಯ ಜಾಸ್ತಿ ಅಂತಲೇ ಕಂಡಿತ್ತು. ಮೂರನೇ ಉಪದೇಶ, ದಿನಕ್ಕೆ ಒಂದೇ ಹೊತ್ತು ಹಾಕಿ ಸಾಕು ಅಂತ. ಅದೂ ತಲೆಕೆಳಗು. ಇವಕ್ಕೆ ಎರಡು ಮೂರು ಸಲ ಸ್ವಲ್ಪ ಸ್ವಲ್ಪವೇ ಹಾಕಬೇಕು.

ಅವತ್ತು ರಾತ್ರಿ ಗುಂಡ ಊಟ ಮುಗಿಸಿ ಒಂದು ಗಂಟೆ ಆಗಿರಬೇಕು, ಅತ್ತಿಂದಿತ್ತ ಓಡಾಡಲು ಶುರು ಮಾಡಿದ. ಕುಳಿತರೆ ಆಗದು, ಮಲಗಿದರೆ ಆಗದು. ವಾಂತಿ ಮಾಡಲು ಕತ್ತು ಚಾಚುತ್ತಾನೆ, ಬರೋದು ಬರೀ ಬಿಳಿ ನೊರೆ. ಪಕ್ಕೆ ತಟ್ಟಿದರೆ ತಮಟೆ ಬಡಿದ ಹಾಗೆ ಸದ್ದು. ಭಾವನ ತಾಯಿ ದನ ಸಾಕಿದವರು, "ಉಬ್ಬರ ಕಣಪ್ಪ ಇದು, ಕಡ್ಲೆಕಾಯಿ ಎಣ್ಣೆ ಕುಡ್ಸು" ಅಂದರು. ಹಸುವಿಗೆ ಆ ಮದ್ದು ಸರಿ, ನೊರೆ ಒಡೆದು ಗಾಳಿ ಹೊರಗೆ ಬರುತ್ತೆ. ನಾಯಿಯಲ್ಲಿ ಹೊಟ್ಟೆಯೇ ತಿರುಚಿಕೊಂಡು ಎರಡೂ ಬಾಯಿ ಮುಚ್ಚಿಹೋಗಿರುತ್ತೆ. ಮೇಲಿಂದ ಹಾಕಿದ್ದು ಇಳಿಯೋಲ್ಲ, ಒಳಗಿನ ಗಾಳಿ ಬರೋಲ್ಲ. ಉಬ್ಬಿದ ಹೊಟ್ಟೆ ಹೃದಯಕ್ಕೆ ರಕ್ತ ವಾಪಸ್ ಒಯ್ಯುವ ನಾಳ ಒತ್ತುತ್ತೆ, ರಕ್ತದೊತ್ತಡ ಕುಸಿದು ಪ್ರಾಣಿ ಶಾಕ್‌ಗೆ ಹೋಗುತ್ತೆ. ಕೆಲವೇ ಗಂಟೆಗಳ ಆಟ.

ಪುಣ್ಯಕ್ಕೆ ಊರಿನ ಡಾಕ್ಟರೊಬ್ಬರು ಫೋನ್ ಎತ್ತಿದರು, ಮನೆಗೇ ಬಂದರು. ದಪ್ಪ ಸೂಜಿ ಚುಚ್ಚಿ ಗಾಳಿ ತೆಗೆದು, ಡ್ರಿಪ್ ಹಾಕಿ, "ಇಷ್ಟು ದೊಡ್ಡ ಮೈಗೆ ಅರಿವಳಿಕೆ ಕೊಟ್ಟು ಹೊಟ್ಟೆ ಕೊಯ್ದು ಆಪರೇಷನ್ ಮಾಡೋ ವ್ಯವಸ್ಥೆ ನನ್ನ ಹತ್ರ ಇಲ್ಲ, ಈಗಲೇ ಬೆಂಗಳೂರಿಗೆ ಹೊರಡಿ" ಅಂದರು. ಅವರನ್ನು ದೂರಲಾರೆ. ಜಮಖಾನದಲ್ಲಿ ಮಲಗಿಸಿ ನಾಲ್ಕು ಮೂಲೆ ನಾಲ್ಕು ಜನ ಹಿಡಿದು ಪಕ್ಕದ ಮನೆಯವರ ಓಮ್ನಿಗೆ ಹಾಕಿದೆವು. ಬೆಂಗಳೂರು 70 ಕಿಲೋಮೀಟರ್. ದಾಬಸ್‌ಪೇಟೆ ದಾಟುವಾಗ ತುಟಿ ಎತ್ತಿ ನೋಡಿದರೆ ಒಸಡು ಬಿಳಿಚಿಕೊಂಡಿತ್ತು. ನೆಲಮಂಗಲ ಸಿಗುವ ಮುಂಚೆ ಉಸಿರು ನಿಂತಿತು.

ಭಾವ ಮಾರಿದವನಿಗೆ ಫೋನ್ ಮಾಡಿದಾಗ ಬಂದ ಉತ್ತರ: "ಅಯ್ಯೋ, ಅವರಪ್ಪಂಗೂ ಹಿಂಗೇ ಆಗಿತ್ತು ಸಾರ್. ಹೊಸ ಮರಿಗಳಿವೆ, ನಿಮಗೆ ರೇಟ್ ಕಮ್ಮಿ ಮಾಡ್ಕೊಡ್ತೀನಿ." ಹೆತ್ತವರಿಗೋ ಒಡಹುಟ್ಟಿದವಕ್ಕೋ ಈ ಉಬ್ಬರ ಬಂದಿದ್ದರೆ ಮರಿಗೆ ಅಪಾಯ ಹೆಚ್ಚು ಅನ್ನೋದು ಅವನಿಗೆ ಗೊತ್ತಿಲ್ಲದೆ ಇರಲು ಸಾಧ್ಯವೇ? ಗೊತ್ತಿದ್ದೇ ಆ ನಾಯಿಯ ಮರಿಗಳನ್ನು ಮಾರಿದ. ಭಾವನಿಗೆ ಕೊಟ್ಟಾಗ ಮರಿಗೆ ಎಂಟು ವಾರವೂ ತುಂಬಿರಲಿಲ್ಲ, ಲಸಿಕೆ ಕಾರ್ಡಿನ ತಾರೀಖು ನೋಡಿದರೆ ಲೆಕ್ಕ ಸಿಗುತ್ತೆ. ನಾಯಿ ತಳಿ ಮಾಡಿ ಮಾರುವವರಿಗೆ ಕೇಂದ್ರ ಸರ್ಕಾರ ತಂದ 2017ರ ನಿಯಮದ ಪ್ರಕಾರ ಎಂಟು ವಾರದೊಳಗಿನ ಮರಿ ಮಾರುವಂತಿಲ್ಲ, ತಳಿ ಮಾಡುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಿರಲೇಬೇಕು. ಆ ಪತ್ರ ತೋರಿಸಿ ಅನ್ನಿ. "ಆಮೇಲೆ ಕಳಿಸ್ತೀನಿ" ಅಂದರೆ ಎದ್ದು ಬನ್ನಿ.

ಪತ್ರ ಇದ್ದರೂ ಅಪ್ಪ ಅಮ್ಮ ಎರಡನ್ನೂ ಕಣ್ಣಾರೆ ನೋಡಿ. ಬರೀ ಫೋಟೊ ತೋರಿಸಿದರೆ ಒಪ್ಪಬೇಡಿ. ಈ ತಳಿಯ ಆಯಸ್ಸೇ 7ರಿಂದ 10 ವರ್ಷ, ಅದನ್ನು ಮನೆಯ ಮಕ್ಕಳಿಗೆ ಮೊದಲೇ ಹೇಳಿಟ್ಟಿರಿ. ರಾತ್ರಿ ಹೊತ್ತು ಆಪರೇಷನ್ ಮಾಡುವ ಆಸ್ಪತ್ರೆ ಎಲ್ಲಿದೆ, ಯಾವ ಗಾಡಿಯಲ್ಲಿ ಒಯ್ಯೋದು ಅನ್ನೋದು ಮರಿ ಬರುವ ಮೊದಲೇ ತೀರ್ಮಾನವಾಗಲಿ.

ಈಗಾಗಲೇ ಸಾಕುತ್ತಿದ್ದರೆ ಪಶುವೈದ್ಯರನ್ನು ಒಂದು ವಿಷಯ ಕೇಳಿ. ಹೊಟ್ಟೆಯನ್ನು ಪಕ್ಕೆಯ ಒಳಗೋಡೆಗೆ ಹೊಲಿದುಬಿಡುವ ಆಪರೇಷನ್ ಇದೆ, ಸಂತಾನಹರಣದ ಜೊತೆಗೇ ಮಾಡಿಸಬಹುದು. ಆಮೇಲೂ ಉಬ್ಬರ ಬರಬಹುದು, ಆದರೆ ಹೊಟ್ಟೆ ತಿರುಚಿಕೊಳ್ಳೋದು ಬಹುಮಟ್ಟಿಗೆ ತಪ್ಪುತ್ತೆ. ಬೆಂಗಳೂರು ಮುಟ್ಟುವಷ್ಟು ಹೊತ್ತಾದರೂ ಸಿಗುತ್ತೆ.